ನಾಟಕದ ಜಾಹೀರಾತಿಗೆ ಕಟ್ಟು ಹಾಕುವ ಮುನ್ನ

ನಮ್ಮ ಭಾಗದ ಯಾವ ಊರಿನಲ್ಲೇ ಆಗಲಿ, ಎಪ್ಪತ್ತು ದಾಟಿದ ಹಿರಿಯರ ಮುಂದೆ ಕಂಪನಿ ನಾಟಕದ ಮಾತು ತೆಗೆದರೆ ಸಾಕು, ಅವರ ಮುಖ ಅರಳುತ್ತದೆ. ಹಾಡು ಹೇಳುತ್ತಾರೆ, ಖಳನಾಯಕನ ನಗೆಯನ್ನು ನಕ್ಕು ತೋರಿಸುತ್ತಾರೆ, ರಾತ್ರಿ ಆರಂಭವಾದ ಆಟ ಬೆಳಗಿನ ಜಾವಕ್ಕೆ ಮುಗಿದು ಚಕ್ಕಡಿಗಳು ಊರಿಗೆ ಮರಳಿದುದನ್ನು ಬಣ್ಣಿಸುತ್ತಾರೆ. ಆದರೆ "ಅದು ಯಾವ ವರ್ಷ? ಯಾವ ಕಂಪನಿ? ಆ ಪಾತ್ರ ವಹಿಸಿದ ನಟಿಯ ಹೆಸರೇನು?" ಎಂದು ಕೇಳಿದರೆ ಮಾತು ತಡವರಿಸುತ್ತದೆ. "ದೊಡ್ಡ ಬರ ಬಿದ್ದ ಮರುವರ್ಷ" ಎಂದು ಒಬ್ಬರು, "ಅಲ್ಲ, ನಮ್ಮ ಅಕ್ಕನ ಮದುವೆಯಾದ ವರ್ಷ" ಎಂದು ಇನ್ನೊಬ್ಬರು. ಈ ಪ್ರಶ್ನೆಗಳಿಗೆಲ್ಲ ಉತ್ತರವು ಒಂದು ಕಾಲಕ್ಕೆ ಅಚ್ಚಾಗಿ ಊರ ಗೋಡೆಯ ಮೇಲೆಯೇ ಇತ್ತು. ಟಾಂಗಾದಲ್ಲಿ ಕುಳಿತವರು ಸಾರುತ್ತ ಎಸೆದ ಕೆಂಪು, ಹಳದಿ, ಹಸಿರು ಹಸ್ತಪತ್ರಿಕೆಗಳಲ್ಲಿ ಇತ್ತು. ಮರುದಿನ ಅದೇ ಕಾಗದದಲ್ಲಿ ಕಿರಾಣಿ ಅಂಗಡಿಯವನು ಜೀರಿಗೆ ಕಟ್ಟಿದನು. ಗೋಡೆಯ ಮೇಲಿನದನ್ನು ಮಳೆ ತೊಳೆಯಿತು.

ಇಂದು ಈ ಕಾಗದಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ. ಹಳೆಯ ನಾಟಕದ ಭಿತ್ತಿಪತ್ರಗಳನ್ನು, ಸಿನೆಮಾ ಜಾಹೀರಾತುಗಳನ್ನು ಕೊಳ್ಳುವವರು ಹುಟ್ಟಿದ್ದಾರೆ. ಅವುಗಳಿಗೆ ಗಾಜಿನ ಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿಯೂ ಹೊಟೇಲಿನ ಗೋಡೆಯ ಮೇಲೆಯೂ ತೂಗುಹಾಕುವವರು ಹುಟ್ಟಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಈ ಹೊಸ ಅಕ್ಕರೆಯಲ್ಲಿ ಒಂದು ಅಪಾಯವಿದೆ ಎಂಬುದು ನನ್ನ ಅಭಿಪ್ರಾಯ. ನಾಟಕದ ಜಾಹೀರಾತು ಮೊದಲು ದಾಖಲೆ, ಆಮೇಲೆ ಚಿತ್ರ. ಅದನ್ನು ದಾಖಲೆಯೆಂದು ಸಂಗ್ರಹಿಸಬೇಕು, ದಾಖಲೆಯೆಂದು ಪರೀಕ್ಷಿಸಬೇಕು, ದಾಖಲೆಯೆಂದು ಕಾಪಾಡಬೇಕು. ಬರಿಯ ಅಲಂಕಾರವೆಂದು ಕೈಗೆತ್ತಿಕೊಂಡರೆ, ರದ್ದಿ ಅಂಗಡಿಯವನು ಇಷ್ಟು ದಿನ ಮಾಡಿದ ಹಾನಿಯನ್ನೇ ನಾವು ಹೆಚ್ಚು ಹಣ ಕೊಟ್ಟು ಮಾಡಿದಂತಾಗುತ್ತದೆ.

ಒಂದು ಹರಕು ಕಾಗದಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳಬಹುದು. ನಮ್ಮ ಸುತ್ತಣ ನೆಲವು ಕನ್ನಡ ರಂಗಭೂಮಿಗೆ ಕೊಟ್ಟುದನ್ನು ಸ್ವಲ್ಪ ನೆನೆಯೋಣ. ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ನಾಟಕಗಳನ್ನು ಬರೆದು, ಗದುಗಿನಲ್ಲಿ ಕನ್ನಡ ಮಂಡಳಿಗೆ ಜೀವ ತುಂಬಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ೧೮೫೬ರಲ್ಲಿ ಹುಟ್ಟಿದುದು ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನ ಮಕ್ಕಳು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ಬರೆದು, ನಾಟ್ಯಸಂಘವನ್ನು ಊರೂರಿಗೆ ಒಯ್ದು, ಅದರ ಬಲದಿಂದ ಅಂಧ ವಿದ್ಯಾರ್ಥಿಗಳ ಅನ್ನವಿದ್ಯೆಗಳನ್ನು ನಡೆಸಿದರು. ಶಿಗ್ಗಾಂವಿಯ ನೆರೆಯ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸಾಗಿ ನಾಟಕ ಮಂಡಳಿಯನ್ನು ನಡೆಸಿದವಳು. ಆಚೆ ಬೆಳಗಾವಿಯ ಕಡೆಯಿಂದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ, ತುಮಕೂರಿನ ಕಡೆಯಿಂದ ಗುಬ್ಬಿ ವೀರಣ್ಣನವರ ಕಂಪನಿ, ದಾವಣಗೆರೆಯಿಂದ ಚಿಂದೋಡಿ ಮನೆತನದ ಕಂಪನಿ, ಹೀಗೆ ಎಷ್ಟೋ ಸಂಘಗಳು ಕನ್ನಡ ನಾಡನ್ನು ಸುತ್ತಿದವು.

ಈ ದೊಡ್ಡ ಹೆಸರುಗಳನ್ನು ಪುಸ್ತಕಗಳು ಕಾಪಾಡಿವೆ. ಗುಬ್ಬಿ ಕಂಪನಿಯು ೧೯೩೪ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು 'ಕುರುಕ್ಷೇತ್ರ'ವನ್ನು ಆಡಿದುದು ಎಲ್ಲರಿಗೂ ಗೊತ್ತು. ಆದರೆ ಒಡೆಯರ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾದವರ ಗತಿಯೇನು? ಹಾರ್ಮೋನಿಯಂ ಮಾಸ್ತರು, ತಬಲಜಿ, ಪರದೆ ಬರೆದ ಚಿತ್ರಗಾರ, ಹಾಸ್ಯಪಾತ್ರದವನು, ಎರಡನೆಯ ಸ್ತ್ರೀಪಾತ್ರದವಳು ಇವರು ಆತ್ಮಚರಿತ್ರೆ ಬರೆದವರಲ್ಲ. ಇವರ ಬಗ್ಗೆ ಪತ್ರಿಕೆಯಲ್ಲಿ ಲೇಖನ ಬಂದುದಿಲ್ಲ. ಅನೇಕರಿಗೆ ಅಕ್ಷರವೂ ಬರುತ್ತಿರಲಿಲ್ಲ. ಪಾತ್ರವನ್ನು ಕೇಳಿ ಕಲಿತವರು. ಇವರ ಹೆಸರು ತಮ್ಮ ಬಾಳಿನಲ್ಲಿ ಒಮ್ಮೆ ಅಚ್ಚಾಗಿದ್ದರೆ ಅದು ಇಂಥ ಒಂದು ಹಸ್ತಪತ್ರಿಕೆಯ ಮೇಲೆ. ಆ ಕಾಗದ ಹೋದರೆ ಅವರು ಎರಡನೆಯ ಸಲ ಸತ್ತಂತೆ. ಈ ಕಾರಣದಿಂದಲೇ ನಾನು ಅದನ್ನು ದಾಖಲೆಯೆಂದು ಕರೆದದ್ದು.

ಹಾಗಾದರೆ ವಿದ್ವಾಂಸರು ಇದನ್ನು ಕಾಪಾಡಲಿಲ್ಲವೇಕೆ? ಇಲ್ಲಿ ಒಂದು ವಿಚಿತ್ರವಿದೆ. ಸಾಹಿತ್ಯದವರು ಕಂಪನಿ ನಾಟಕವನ್ನು 'ಇದು ಜನರಂಜನೆ, ಸಾಹಿತ್ಯವಲ್ಲ' ಎಂದು ಬದಿಗಿಟ್ಟರು. ಜಾನಪದದವರು 'ಇದು ಟಿಕೇಟಿನ ವ್ಯವಹಾರ, ಬಯಲಾಟದಂತೆ ಜನಪದವಲ್ಲ' ಎಂದರು. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಇಬ್ಬರ ನಡುವೆ ಕೂಸು ಬಡವಾಯಿತು. ಗೊಟಗೋಡಿ ನಮಗೆ ದೂರದ ಊರಲ್ಲ. ಅಲ್ಲಿ ೨೦೧೧ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಒಂದು ಹಳ್ಳಿಯ ನೆಲದಲ್ಲಿ ಜಾನಪದಕ್ಕಾಗಿಯೇ ವಿಶ್ವವಿದ್ಯಾಲಯವೊಂದು ನಿಂತದ್ದು ನಮ್ಮ ತಾಲೂಕುಗಳ ಹೆಮ್ಮೆ. ಹಳ್ಳಿಯ ರೈತರು ಸುಗ್ಗಿಯ ಬಿಡುವಿನಲ್ಲಿ ಕಂಪನಿಯ ನಾಟಕವನ್ನೇ ತಾವು ಕಲಿತು, ಜಾತ್ರೆಯಲ್ಲಿ ಆಡಿ, ಅದಕ್ಕೂ ಹಸ್ತಪತ್ರಿಕೆ ಅಚ್ಚು ಹಾಕಿಸಿದ ಮೇಲೆ ಅದು ಜನಪದವಲ್ಲವೆಂದು ಹೇಳುವುದು ಹೇಗೆ? ಈ ಗೆರೆಯನ್ನು ಮರಳಿ ಎಳೆಯುವ ಕಾಲ ಬಂದಿದೆ.

ಗೊಟಗೋಡಿಯ ಇನ್ನೊಂದು ಹೆಗ್ಗಳಿಕೆಯೂ ನನ್ನ ವಾದಕ್ಕೆ ಬೇಕಾಗಿದೆ. ಹೆದ್ದಾರಿಯ ಬದಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನನ್ನು ನಮ್ಮಲ್ಲಿ ನೋಡದವರು ಕಡಿಮೆ. ೨೦೨೦ರಲ್ಲಿ ತೀರಿಕೊಂಡ ಅವರು ಬಯಲಾಟಕ್ಕಾಗಿಯೂ ದುಡಿದವರು. ಅಲ್ಲಿ ಸಿಮೆಂಟಿನ ರೈತನಿದ್ದಾನೆ, ಎತ್ತುಗಳಿವೆ, ಹಳ್ಳಿಯ ಕಸುಬುಗಳಿವೆ. ರಾಜಕುಮಾರರ ಸಿನೆಮಾಗಳ ಪಾತ್ರಗಳೂ ಇವೆ. ಕಂಪನಿ ನಾಟಕದ ಮಡಿಲಲ್ಲಿ ಬೆಳೆದ ನಟ ಸಿಮೆಂಟಿನ ಮೂರ್ತಿಯಾಗಿ ನಮ್ಮ ಹಳ್ಳಿಯಲ್ಲಿ ನಿಂತಿದ್ದಾನೆ. ಅದನ್ನು ನೋಡಿದವರು ಯಾರೂ ಮೋಸ ಹೋಗುವುದಿಲ್ಲ. ಅದು ಪ್ರತಿರೂಪವೆಂದು ಅದೇ ಹೇಳುತ್ತದೆ, ಪ್ರತಿರೂಪವಾಗಿದ್ದುಕೊಂಡೇ ಕಲೆಯಾಗಿದೆ. ನಕಲು ಮಾಡುವುದು ತಪ್ಪಲ್ಲ. ನಕಲನ್ನು ಮೂಲವೆಂದು ಹೇಳುವುದು ತಪ್ಪು. ಇಂದಿನ ಯಂತ್ರದಲ್ಲಿ ಹಳೆಯ ಜಾಹೀರಾತನ್ನು ಅಚ್ಚೊತ್ತಿ, ಚಹದ ನೀರಿನಲ್ಲಿ ಅದ್ದಿ ಕಂದು ಮಾಡಿ, ಅಂಚು ಸುಟ್ಟು 'ಅರವತ್ತು ವರ್ಷದ ಹಳೆಯದು' ಎಂದು ಮಾರುವುದಕ್ಕೂ ಸೊಲಬಕ್ಕನವರ ಸಿಮೆಂಟಿನ ರೈತನಿಗೂ ಇರುವ ಅಂತರ ಇದೇ.

ಈ ತೊಡಕು ನಮ್ಮದೊಂದೇ ಅಲ್ಲ. ಅಮೇರಿಕೆಯ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ೧೯೬೬ರ ಸುಮಾರಿಗೆ ರಾಕ್ ಸಂಗೀತದ ಕಚೇರಿಗಳಿಗಾಗಿ ವಿಲಕ್ಷಣವಾದ ಭಿತ್ತಿಪತ್ರಗಳು ಹೊರಟವು. ಬಿಲ್ ಗ್ರಹಾಂ ಎಂಬವರು ಫಿಲ್‌ಮೋರ್ ಸಭಾಗೃಹದಲ್ಲಿಯೂ ಚೆಟ್ ಹೆಲ್ಮ್ಸ್ ಎಂಬವರ ತಂಡ ಅವಲಾನ್ ಸಭಾಗೃಹದಲ್ಲಿಯೂ ಕಚೇರಿಗಳನ್ನು ಏರ್ಪಡಿಸುತ್ತಿದ್ದರು. ವೆಸ್ ವಿಲ್ಸನ್ ಎಂಬ ಚಿತ್ರಕಾರ ಅಕ್ಷರಗಳನ್ನು ಬೆಂಕಿಯ ನಾಲಿಗೆಯಂತೆ ಬಳುಕಿಸಿದನು. ವಿಕ್ಟರ್ ಮೊಸ್ಕೊಸೊ ಒಂದಕ್ಕೊಂದು ಜಗಳವಾಡುವ ಬಣ್ಣಗಳನ್ನು ಅಕ್ಕಪಕ್ಕದಲ್ಲಿಟ್ಟು ಕಣ್ಣು ಕೋರೈಸುವಂತೆ ಮಾಡಿದನು. ಮೌಸ್ ಮತ್ತು ಕೆಲ್ಲಿ ಎಂಬ ಜೋಡಿ ಗುಲಾಬಿಯ ಕಿರೀಟ ತೊಟ್ಟ ಅಸ್ಥಿಪಂಜರವೊಂದನ್ನು ಅಚ್ಚು ಹಾಕಿಸಿತು. ಆ ಚಿತ್ರದ ಮೂಲವು ಉಮರ್ ಖಯ್ಯಾಮನ ರುಬಾಯತ್ತಿಗೆ ಎಡ್ಮಂಡ್ ಸಲಿವನ್ ಬರೆದ ಒಂದು ಹಳೆಯ ರೇಖಾಚಿತ್ರ. ನಮ್ಮ ಡಿ.ವಿ.ಜಿ. ಅವರು 'ಉಮರನ ಒಸಗೆ' ಎಂದು ಕನ್ನಡಕ್ಕೆ ತಂದದ್ದು ಇದೇ ಖಯ್ಯಾಮನನ್ನು.

ಆ ಭಿತ್ತಿಪತ್ರಗಳನ್ನು ಕಂಬಕ್ಕೆ ಹಚ್ಚುವುದೇ ತಡ, ಜನ ಕಿತ್ತುಕೊಂಡು ಮನೆಗೆ ಒಯ್ಯುತ್ತಿದ್ದರು. ಬೇಡಿಕೆ ಕಂಡು ಏರ್ಪಾಟುದಾರರೇ ಅವನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿ ಮಾರಿದರು. ಆದುದರಿಂದ ಅಲ್ಲಿಯ ಸಂಗ್ರಾಹಕರು ಇಂದು ಕೇಳುವ ಮೊದಲ ಪ್ರಶ್ನೆ 'ಇದು ಚೆಂದವೇ?' ಎಂಬುದಲ್ಲ, 'ಇದು ಕಚೇರಿಗೆ ಮುಂಚೆ ಅಚ್ಚಾದದ್ದೋ, ಆಮೇಲೆ ಅಚ್ಚಾದದ್ದೋ?' ಎಂಬುದು. ಕಾಗದದ ದಪ್ಪ, ಹಾಳೆಯ ಅಳತೆ, ಅಂಚಿನಲ್ಲಿಯ ಸಣ್ಣ ಬರಹ ಇವುಗಳಿಂದ ಒಂದೊಂದು ಮುದ್ರಣವನ್ನೂ ಗುರುತಿಸಿ ಅವರು ಪಟ್ಟಿಗಳನ್ನು ಮಾಡಿದ್ದಾರೆ. ಎರಡೇ ಸಭಾಗೃಹಗಳ ಕೆಲವು ವರ್ಷಗಳ ಕಾಗದಕ್ಕಾಗಿ ಅವರು ಇಷ್ಟು ಶ್ರಮಪಟ್ಟಿದ್ದಾರೆ. ನೂರು ವರ್ಷಗಳಿಗಿಂತ ಹೆಚ್ಚು ಕಾಲ ನಾಡನ್ನೆಲ್ಲ ಸುತ್ತಿದ ನಮ್ಮ ಕಂಪನಿಗಳ ಕಾಗದಕ್ಕೆ ನಾವು ಎಷ್ಟು ಮಾಡಿದ್ದೇವೆ?

ಮಾಡಬೇಕೆಂದರೆ ಕಷ್ಟವೇನೂ ಇಲ್ಲ. ನಮ್ಮ ಹಸ್ತಪತ್ರಿಕೆಯು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಕೇಳುವ ಕಿವಿ ಬೇಕು. ಮೊದಲನೆಯದಾಗಿ ಟಿಕೇಟಿನ ದರವನ್ನು ನೋಡಿರಿ. ೧೯೫೭ನೆಯ ಏಪ್ರಿಲ್ ೧ರಂದು ನಮ್ಮಲ್ಲಿ ದಶಮಾಂಶ ನಾಣ್ಯ ಬಂದಿತು. ಅದಕ್ಕೆ ಮುಂಚಿನ ಕಾಗದದಲ್ಲಿ 'ಕುರ್ಚಿ, ಬೆಂಚು, ನೆಲ' ಎಂಬ ದರಗಳು ರೂಪಾಯಿ ಆಣೆಗಳಲ್ಲಿರುತ್ತವೆ. ಆಮೇಲೆ 'ನಯೇ ಪೈಸೆ' ಕಾಣಿಸಿಕೊಳ್ಳುತ್ತದೆ. ೧೯೬೪ನೆಯ ಜೂನ್ ೧ರಿಂದ 'ನಯೇ' ಎಂಬ ಮಾತು ಬಿದ್ದು ಬರಿಯ 'ಪೈಸೆ' ಉಳಿಯಿತು. ಎರಡನೆಯದಾಗಿ ಊರಿನ ವಿಳಾಸವನ್ನು ನೋಡಿರಿ. ನಮ್ಮ ತಾಲೂಕುಗಳು ೧೯೫೬ನೆಯ ನವೆಂಬರ್ ೧ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದವು. ಸವಣೂರಂತೂ ೧೯೪೮ರ ವರೆಗೆ ನವಾಬರ ಸಂಸ್ಥಾನ. ಆಮೇಲೆ ಮೈಸೂರು ರಾಜ್ಯ, ೧೯೭೩ರಿಂದ ಕರ್ನಾಟಕ. ಹಾವೇರಿ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ. '೧೯೬೦ರ ಅಪರೂಪದ ಜಾಹೀರಾತು' ಎಂದು ಹೇಳಿದ ಕಾಗದದಲ್ಲಿ 'ಜಿ|| ಹಾವೇರಿ' ಎಂದು ಇದ್ದರೆ ಕೈಮುಗಿದು ಹೊರಟುಬಿಡಿರಿ. ೧೯೭೨ನೆಯ ಅಗಸ್ಟ್ ೧೫ಕ್ಕೆ ಮುಂಚೆ ಪಿನ್ ಕೋಡ್ ಇರಲಿಲ್ಲವೆಂಬುದನ್ನೂ ನೆನಪಿನಲ್ಲಿಡಿರಿ.

ಮೂರನೆಯದು ಪಂಚಾಂಗ. ಹಸ್ತಪತ್ರಿಕೆಗಳು ನಾಳೆ ನಾಡದಿನ ಆಟಕ್ಕಾಗಿ ಅಚ್ಚಾದವು. ಅವುಗಳಲ್ಲಿ ತಾರೀಖು, ವಾರ ಇದ್ದು ಇಸವಿಯೇ ಇಲ್ಲದಿರಬಹುದು. ಇದರಿಂದ ಧೈರ್ಯಗೆಡಬೇಕಾಗಿಲ್ಲ. ಒಂದು ಕಾಗದದಲ್ಲಿ 'ಮಾರ್ಚ್ ೮, ಶನಿವಾರ' ಎಂದು ಮಾತ್ರ ಇದೆಯೆಂದು ಭಾವಿಸಿರಿ. ೧೯೫೦ರಿಂದ ೧೯೭೦ರ ವರೆಗೆ ಮಾರ್ಚ್ ಎಂಟು ಶನಿವಾರದಂದು ಬಂದುದು ಮೂರೇ ಸಲ: ೧೯೫೨, ೧೯೫೮ ಮತ್ತು ೧೯೬೯. ಅದೇ ಕಾಗದದಲ್ಲಿ ದರವು ನಯೇ ಪೈಸೆಯಲ್ಲಿದ್ದರೆ ಮೊದಲನೆಯದೂ ಕೊನೆಯದೂ ಬಿದ್ದುಹೋಗುತ್ತವೆ. ಉಳಿದದ್ದು ೧೯೫೮. ನೋಡಿರಿ, ಒಂದು ವಾರದ ಹೆಸರು, ಒಂದು ನಾಣ್ಯದ ಹೆಸರು ಇವೆರಡೇ ಸೇರಿ ಹಿರಿಯರ 'ಅಕ್ಕನ ಮದುವೆಯ ವರ್ಷ'ಕ್ಕೆ ಇಸವಿ ಕೊಟ್ಟವು! ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠ ಯಾವುದಿದೆ?

ನಾಲ್ಕನೆಯದು ಮುದ್ರಣಾಲಯದ ಹೆಸರು. ೧೮೬೭ರ ಮುದ್ರಣ ಕಾಯಿದೆಯ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಊರು ಇರಬೇಕಿತ್ತು. ೨೦೨೩ರ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬರುವವರೆಗೂ ಆ ನಿಯಮವಿತ್ತು. ಆದುದರಿಂದ ಹಸ್ತಪತ್ರಿಕೆಯ ಬುಡದಲ್ಲಿ ಇರುವೆಯ ಸಾಲಿನಂತಿರುವ ಆ ಪಂಕ್ತಿಯನ್ನು ತಪ್ಪದೆ ಓದಬೇಕು. ಹುಬ್ಬಳ್ಳಿ, ಗದಗು, ಧಾರವಾಡಗಳ ಯಾವ ಮುದ್ರಣಾಲಯ ಯಾವ ಕಂಪನಿಗೆ ಅಚ್ಚು ಹಾಕಿತು ಎಂಬುದನ್ನು ಬರೆದುಕೊಳ್ಳುತ್ತ ಹೋದರೆ ಕಂಪನಿಯ ಸಂಚಾರದ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ಕಟ್ಟು ಹಾಕುವವರು ಹಾಳೆಯನ್ನು 'ಸಮ' ಮಾಡಲು ಮೊದಲು ಕತ್ತರಿಸುವುದು ಇದೇ ಅಂಚನ್ನು! ಹೆಸರು ಹೋದ ಮೇಲೆ ಅಂದವನ್ನಿಟ್ಟುಕೊಂಡು ಏನು ಮಾಡುವುದು?

ಐದನೆಯದು ಅಚ್ಚಿನ ಗುರುತು. ಮೊಳೆ ಜೋಡಿಸಿ ಒತ್ತಿದ ಅಚ್ಚಿಗೂ ಇಂದಿನ ಆಫ್‌ಸೆಟ್ ಅಥವಾ ಕಂಪ್ಯೂಟರಿನ ಅಚ್ಚಿಗೂ ಭೇದ ಸ್ಪಷ್ಟ. ಮೊಳೆಯ ಅಚ್ಚಿನ ಹಾಳೆಯನ್ನು ಹಿಂದಿನಿಂದ ಮುಟ್ಟಿದರೆ ಅಕ್ಷರದ ಉಬ್ಬು ಬೆರಳಿಗೆ ಹತ್ತುತ್ತದೆ. ಭೂತಕನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚಿನಲ್ಲಿ ಮಸಿ ಒತ್ತಿ ಸರಿದ ಒಂದು ಕಪ್ಪು ಗೆರೆ ಕಾಣುತ್ತದೆ. ಸವೆದ ಮೊಳೆ, ತಲೆಕೆಳಗಾದ ಒತ್ತು, ಒಂದೇ ಪದದಲ್ಲಿ ಎರಡು ಜಾತಿಯ ಅಕ್ಷರ ಇವೆಲ್ಲ ಬಡ ಮುದ್ರಣಾಲಯದ ಸತ್ಯವಾದ ಗುರುತುಗಳು. ಹೊಸ ನಕಲಿನಲ್ಲಾದರೋ ಘನವಾದ ಅಕ್ಷರವೂ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆದುಕೊಳ್ಳುತ್ತದೆ. ಕಂಪ್ಯೂಟರಿನ ಅಕ್ಷರವಾಗಿದ್ದರೆ ಹತ್ತು 'ಕ'ಗಳೂ ಒಂದೇ ಅಚ್ಚಿನ ಅವಳಿಗಳಂತೆ ನಿಂತಿರುತ್ತವೆ. ನಟನಟಿಯರ ಮುಖದ ಬ್ಲಾಕು ಇನ್ನೊಂದು ಸಾಕ್ಷಿ. ಒಂದೇ ಬ್ಲಾಕನ್ನು ಮತ್ತೆ ಮತ್ತೆ ಬಳಸಿದರೆ ಅದಕ್ಕೆ ಬಿದ್ದ ಗೀರು ಮುಂದಿನ ಕಾಗದಗಳಲ್ಲೆಲ್ಲ ಕಾಣುತ್ತದೆ. ಗೀರಿಲ್ಲದ ಕಾಗದ ಮೊದಲಿನದು, ಗೀರಿದ್ದದ್ದು ಆಮೇಲಿನದು. ಇನ್ನು ಕಾಗದವನ್ನೇ ಪರೀಕ್ಷಿಸಬೇಕಾದರೆ, ನೋಟುಗಳನ್ನು ಪರೀಕ್ಷಿಸುವ ನೇರಳೆ ದೀಪ ಸಾಕು. ಕಾಗದಕ್ಕೆ ಹೊಳಪು ಬಿಳುಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದುದು ೧೯೫೦ರ ಸುಮಾರಿನ ನಂತರ. ಅದಕ್ಕೂ ಹಿಂದಿನದೆಂದು ಹೇಳುವ ಬಿಳಿಯ ಕಾಗದವು ಆ ದೀಪದ ಕೆಳಗೆ ನೀಲಿಯಾಗಿ ಥಳಥಳಿಸಿದರೆ ಸಂಶಯಪಡಬೇಕು.

ಆರನೆಯದೂ ಎಲ್ಲಕ್ಕಿಂತ ಮುಖ್ಯವಾದದ್ದೂ ಯಾವುದೆಂದರೆ, ಕಾಗದ ಬಂದ ದಾರಿ. ಟ್ರಂಕಿನ ತಳಕ್ಕೆ ಹಾಸಿದ್ದು, ದೇವರ ಫೋಟೋದ ಕಟ್ಟಿನ ಬೆನ್ನಿಗೆ ಹಚ್ಚಿದ್ದು, ಶಾಲೆಯ ಪುಸ್ತಕಕ್ಕೆ ಹೊದಿಸಿದ್ದು, ಹೀಗೆಯೇ ಇವು ನಮಗೆ ದೊರೆಯುತ್ತವೆ. ನನಗೆ ದೊರೆತವುಗಳಲ್ಲಿ ಒಂದರ ಹಿಂಬದಿಯಲ್ಲಿ ಯಾರೋ ಹತ್ತಿಯ ತೂಕದ ಲೆಕ್ಕ ಬರೆದಿದ್ದಾರೆ. ಕೊಳ್ಳಲು ಬಂದ ಒಬ್ಬರು ಅದನ್ನು ಕಂಡು 'ಹೊಲಸಾಗಿದೆ' ಎಂದು ಬೆಲೆ ಇಳಿಸಿದರು. ನನಗೆ ಅನಿಸಿದ್ದೇ ಬೇರೆ. ಆ ಲೆಕ್ಕವು ಆ ಕಾಗದಕ್ಕೆ ಹುಟ್ಟಿನ ದಾಖಲೆ ಇದ್ದಂತೆ. ಇದು ಇಂಥ ಸೀಮೆಯ, ಇಂಥ ಸುಗ್ಗಿಯ, ಇಂಥ ಒಕ್ಕಲುತನದ ಮನೆಯಲ್ಲಿತ್ತು ಎಂದು ಅದು ಹೇಳುತ್ತದೆ. ಕಾಗದವನ್ನು ಪಡೆದ ದಿನವೇ ಯಾರ ಮನೆಯದು, ಎಲ್ಲಿತ್ತು, ಅದರ ಬಗ್ಗೆ ಮನೆಯವರು ಹೇಳಿದ್ದೇನು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ಈ ಬರಹವಿಲ್ಲದ ಭಿತ್ತಿಪತ್ರವು ಊರಿಲ್ಲದ ಹೆಸರಿನಂತೆ.

ಈಗ ಕಟ್ಟು ಹಾಕುವ ಮಾತು. ನಮ್ಮೂರಿನ ಕಟ್ಟು ಹಾಕುವವರು ಕೈಗೆಲಸದಲ್ಲಿ ನಿಪುಣರು. ದೇವರ ಪಟ, ಹಿರಿಯರ ಫೋಟೋಗಳನ್ನು ಚೊಕ್ಕಟವಾಗಿ ಕಟ್ಟಿಕೊಡುತ್ತಾರೆ. ಆದರೆ ಆ ಪದ್ಧತಿ ಹಳೆಯ ಕಾಗದಕ್ಕೆ ಒಗ್ಗುವುದಿಲ್ಲ. ನಾಟಕದ ಜಾಹೀರಾತು ಅಗ್ಗದ ಕಾಗದ. ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿಯ ಆಮ್ಲವೇ ಅದನ್ನು ಒಳಗಿನಿಂದ ಸುಟ್ಟು ಕಂದು ಮಾಡುತ್ತದೆ. ಅದರ ಬೆನ್ನಿಗೆ ಪ್ಲೈವುಡ್ಡನ್ನೋ ಹಾರ್ಡ್‌ಬೋರ್ಡನ್ನೋ ಒತ್ತಿ ಕೂಡಿಸಿದರೆ ಆ ಹಲಗೆಯ ಆಮ್ಲವೂ ಸೇರಿಕೊಂಡು ಕೆಲಸ ಬೇಗ ಮುಗಿಯುತ್ತದೆ. ಮುಂದೆ ಗಾಜನ್ನು ನೇರವಾಗಿ ತಾಗಿಸಿದರೆ, ಹಾನಗಲ್ಲ ಹಿರೇಕೆರೂರಿನಂಥ ಮಲೆನಾಡಿನ ಸೆರಗಿನ ಊರುಗಳ ಮಳೆಗಾಲದಲ್ಲಿ ಒಳಗೆ ತೇವ ಕೂತು ಮಸಿ ಗಾಜಿಗೇ ಅಂಟಿಕೊಳ್ಳುತ್ತದೆ. ಹರಿದಲ್ಲಿ ಸೆಲೋಟೇಪು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಟೇಪು ಉದುರಿ ಅದರ ಅಂಟಿನ ಹಳದಿ ಕಲೆ ಶಾಶ್ವತವಾಗಿ ಉಳಿಯುತ್ತದೆ. ಲ್ಯಾಮಿನೇಶನ್ನಂತೂ ಕಾಗದಕ್ಕೆ ಮಾಡುವ ಅಂತ್ಯಸಂಸ್ಕಾರವೇ ಸರಿ. ಬಿಸಿಯಲ್ಲಿ ಕರಗಿ ಹಿಡಿದ ಆ ಪ್ಲಾಸ್ಟಿಕನ್ನು ಆಮೇಲೆ ಹಾನಿಯಿಲ್ಲದೆ ಬಿಡಿಸುವುದು ಆಗದ ಮಾತು.

ಒಂದೇ ನಿಯಮವನ್ನು ನೆನಪಿಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ: ಮರಳಿ ಬಿಡಿಸಲಾಗದ ಯಾವ ಕೆಲಸವನ್ನೂ ಮೂಲದ ಮೇಲೆ ಮಾಡಬಾರದು. ಹರಿದುದಕ್ಕೆ ತೆಳುವಾದ ನಾರುಕಾಗದದ ಪಟ್ಟಿಯನ್ನು ಗೋಧಿಯ ಪಿಷ್ಟದ ಅಂಟಿನಿಂದ ಹಿಂಬದಿಗೆ ಹಚ್ಚಬಹುದು. ಬೇಡವೆಂದಾಗ ತುಸು ತೇವ ಮಾಡಿದರೆ ಅದು ಬಿಡುತ್ತದೆ. ಬೆನ್ನಿಗೆ ಆಮ್ಲವಿಲ್ಲದ ರಟ್ಟು ಬೇಕು. ಅದು ದೊರೆಯದಿದ್ದರೆ ಖಾದಿ ಭಂಡಾರಗಳಲ್ಲಿ ಸಿಗುವ, ಹತ್ತಿಬಟ್ಟೆಯ ಚೂರುಗಳಿಂದ ಮಾಡಿದ ಕೈಕಾಗದದ ದಪ್ಪ ಹಾಳೆ ಅಂಗಡಿಯ ರಟ್ಟಿಗಿಂತ ಎಷ್ಟೋ ಮೇಲು. ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಅಂಚು ಕೊಟ್ಟು ಗಾಳಿಯಾಡಲು ತುಸು ಜಾಗ ಬಿಡಬೇಕು. ಹಾಳೆಯನ್ನು ಅಂಟಿಸದೆ, ನಾಲ್ಕು ಮೂಲೆಗಳಿಗೆ ಕಾಗದದ ಚಿಕ್ಕ ಜೇಬುಗಳನ್ನು ಮಾಡಿ ಅವುಗಳಲ್ಲಿ ಸಿಕ್ಕಿಸಬೇಕು. ಕಟ್ಟನ್ನು ಬಿಸಿಲು ಬೀಳುವ ಗೋಡೆಗೂ ಮಳೆಗಾಲದಲ್ಲಿ ಬೆವರುವ ಹೊರಗೋಡೆಗೂ ತೂಗುಹಾಕಬಾರದು. ಗೋಡೆಯಿಂದ ಒಂದರ ಮೇಲೊಂದು ಹಚ್ಚಿದ ಪದರಗಳು ದೊರೆತರೆ ಬಿಡಿಸುವ ಆತುರ ಬೇಡ. ಯಾವುದರ ಮೇಲೆ ಯಾವುದು ಇತ್ತೆಂಬುದೂ ಇತಿಹಾಸವೇ.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಮೂಲಕ್ಕೆ ಕಟ್ಟೇ ಬೇಡ. ಎಷ್ಟು ಜಾಗರೂಕತೆಯಿಂದ ಕಟ್ಟಿದರೂ ಬೆಳಕು ತನ್ನ ಕೆಲಸ ಬಿಡುವುದಿಲ್ಲ. ಬಣ್ಣ ಹಾಕಿದ ತೆಳುಗಾಗದದ ಗುಲಾಬಿ ರಂಗು ಕೆಲವು ವರ್ಷಗಳಲ್ಲಿ ಬೂದಿಯಾಗುತ್ತದೆ. ಹೋದ ಬಣ್ಣ ಕತ್ತಲಲ್ಲಿಟ್ಟರೆ ಮರಳುವುದಿಲ್ಲ. ಮೂಲವನ್ನು ಮಡಚದೆ, ಹತ್ತಿಯ ಕಾಗದದ ನಡುವೆ, ಕತ್ತ‌ಲೆಯ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇಡಬೇಕು. ಗೋಡೆಯ ಮೇಲೆ ಅದರ ಒಳ್ಳೆಯ ಛಾಯಾಪ್ರತಿಗೆ ಬೇಕಾದಷ್ಟು ಚೆಂದದ ಕಟ್ಟು ಹಾಕಿಸಿರಿ. ಆದರೆ ಅದರ ಮೂಲೆಯಲ್ಲಿ 'ಪ್ರತಿ' ಎಂದು ಸ್ಪಷ್ಟವಾಗಿ ಬರೆಯಿರಿ. ಗೊಟಗೋಡಿಯ ಸಿಮೆಂಟಿನ ರೈತನಂತೆ ಅದೂ ಪ್ರಾಮಾಣಿಕ ಪ್ರತಿರೂಪವಾಗಿ ನಿಲ್ಲಲಿ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಸಾಲದೆ, ಹಳೆಯ ಕಾಗದದ ಹೊರೆ ಏಕೆ? ಎಂಬುದು ಒಂದು. ಫೋಟೋ ಅವಶ್ಯವಾಗಿ ಬೇಕು. ಕಾಗದಕ್ಕೆ ಬೆಂಕಿಯೋ ಗೆದ್ದಲೋ ತಗಲಿದರೆ ಅದೇ ಗತಿ. ಆದರೆ ಫೋಟೋದಲ್ಲಿ ಬೆನ್ನಿನ ಉಬ್ಬು ಬೆರಳಿಗೆ ಹತ್ತದು, ನೇರಳೆ ದೀಪಕ್ಕೆ ಅದು ಉತ್ತರ ಕೊಡದು. ಮೂಲವಿದ್ದಾಗ ಮಾತ್ರ ನಾಳೆಯವರು ನಮಗೆ ಹೊಳೆಯದ ಪ್ರಶ್ನೆಯನ್ನು ಕೇಳಬಲ್ಲರು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಬಡವರ ಮನೆಯಲ್ಲಿ ದೊರೆತ ಕಾಗದಕ್ಕೆ ಕೊಳ್ಳುವವನು ಹಣ ಕೊಡುತ್ತಾನೆ, ನೀವು ಇತಿಹಾಸವೆಂದು ಹೇಳಿ ಬಿಟ್ಟಿ ಕೇಳುತ್ತೀರಿ. ಇದು ನ್ಯಾಯವಾದ ಮಾತು. ಹಳೆಯ ನಟರ ಮನೆಗಳಲ್ಲಿ ಬಡತನ ಹೊಸದಲ್ಲ. ಅವರು ಮಾರಿದರೆ ಅವರನ್ನು ದೂರುವ ಅಧಿಕಾರ ನಮಗಿಲ್ಲ. ಕಾಗದವನ್ನು ಅವರ ಬಳಿಯೇ ಬಿಟ್ಟು, ಫೋಟೋ ತೆಗೆದುಕೊಂಡು, ಕಾಪಾಡುವ ಬಗೆಯನ್ನು ಹೇಳಿ, ಅವರ ಹೆಸರಿನಲ್ಲಿಯೇ ದಾಖಲಿಸಿ ಬರಬಹುದಲ್ಲ? ಸಂಗ್ರಹವೆಂದರೆ ಎಲ್ಲವನ್ನೂ ನಮ್ಮ ಪೆಟ್ಟಿಗೆಗೆ ತುಂಬುವುದೆಂದು ಯಾರು ಹೇಳಿದರು?

ಕಂಪನಿಗಳು ಪೂರ್ತಿ ಮುಗಿದುಹೋಗಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಇಂದಿಗೂ ಹಲವು ತಂಬುಗಳು ಸಾಲಾಗಿ ನಿಲ್ಲುತ್ತವೆ. ಅವುಗಳ ಬಾಗಿಲಿಗೆ ಈಗ ಕಾಗದಕ್ಕಿಂತ ಫ್ಲೆಕ್ಸೇ ಹೆಚ್ಚು. ಇಂದಿನ ಹಸ್ತಪತ್ರಿಕೆಯನ್ನು ಇಂದೇ ಎತ್ತಿಟ್ಟರೆ ಮುಂದಿನವರಿಗೆ ನೇರಳೆ ದೀಪದ ತೊಂದರೆ ತಪ್ಪುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಇಸವಿ ಬರೆಯುವುದೊಂದೇ ಕೆಲಸ.

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಐದಾರು ತಾಲೂಕುಗಳ ನೂರಾರು ಹಳ್ಳಿಗಳಿಂದ ಬರುತ್ತಾರೆ. ಪ್ರತಿಯೊಬ್ಬನ ಮನೆಯಲ್ಲಿಯೂ ಒಂದು ಅಟ್ಟವಿದೆ, ಒಂದು ಹಳೆಯ ಟ್ರಂಕಿದೆ, ದೇವರ ಫೋಟೋದ ಕಟ್ಟಿದೆ. ಇತಿಹಾಸ ಮತ್ತು ಕನ್ನಡ ವಿಭಾಗದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಗ್ರಂಥಾಲಯದಲ್ಲಿ ಒಂದು ಚಪ್ಪಟೆ ಪೆಟ್ಟಿಗೆ, ಒಂದು ದಾಖಲೆ ಪುಸ್ತಕ, ಗೋಡೆಯ ಮೇಲೆ ಪ್ರತಿಗಳಿಗಾಗಿ ನಾಲ್ಕು ಕಟ್ಟು ಇವನ್ನು ಒದಗಿಸಿಕೊಡಬೇಕು. ಹೆಚ್ಚು ಖರ್ಚಿನ ಬಾಬಲ್ಲ. ದೀಪಾವಳಿಯ ರಜೆಗೆ ಊರಿಗೆ ಹೋದಾಗ ಮನೆ ಸಾರಿಸಿ ಸುಣ್ಣ ಹಚ್ಚುತ್ತಾರೆ, ಅಟ್ಟದ ಸಾಮಾನು ಅಂಗಳಕ್ಕೆ ಬರುತ್ತದೆ, ರದ್ದಿಯವನು ಬಾಗಿಲಿಗೆ ಬರುತ್ತಾನೆ. ಅವನಿಗಿಂತ ಅರ್ಧ ತಾಸು ಮುಂಚೆ ನಾವು ಆ ಕಾಗದಗಳನ್ನು ತಿರುವಿ ನೋಡಿದರೆ ಸಾಕು. ಯಾವ ಹಾರ್ಮೋನಿಯಂ ಮಾಸ್ತರನ ಹೆಸರು ಅಲ್ಲಿ ಕಾದಿದೆಯೋ ಯಾರು ಬಲ್ಲರು?